ವಕೀಲರಿಗೆ ನಾಲ್ಕು ಸ್ಟಾರ್, ನಮ್ಮದೇ ಇನ್ಶೂರೆನ್ಸ್ ಕಂಪನಿಗೆ ಎರಡು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಹತ್ತಿರದ ಒಂದು ಸಣ್ಣ ವಕೀಲರ ಆಫೀಸಿನ ಬಗ್ಗೆ ಬರೆಯುತ್ತಿದ್ದೇನೆ. ಜೊತೆಗೆ ನಮ್ಮ ಕಾರ್ ಇನ್ಶೂರೆನ್ಸಿನ ಒಂದೇ ಒಂದು ಸಾಲಿನ ಬಗ್ಗೆ, ಗುದ್ದಿದವನ ಪಾಲಿಸಿ ಸಾಲದಿದ್ದಾಗ ನಮ್ಮದೇ ಕಂಪನಿ ನಮಗೆ ಕೊಡಬೇಕು ಅನ್ನುವ ಸಾಲು. ಹೆಸರು ಹಾಕುವುದಿಲ್ಲ, ಹೊಗಳಿಕೆಗಿಂತ ಬೈಗುಳ ಜಾಸ್ತಿ ಇರುವ ಕಡೆ ಹೆಸರು ಬೇಡ. ಆದರೆ ಲೆಕ್ಕ ಎಲ್ಲ ಬಿಚ್ಚಿ ಹೇಳುತ್ತೇನೆ. ಈ ದೇಶದಲ್ಲಿ ಇರುವ ನಮ್ಮವರು ಸಂಬಳ, ವೀಸಾ, ಮನೆ ಸಾಲ ಎಲ್ಲ ಮಾತಾಡುತ್ತಾರೆ, ಆಕ್ಸಿಡೆಂಟ್ ಆದ ಮೇಲೆ ಎಷ್ಟು ಬಂತು ಅಂದರೆ ಮಾತ್ರ ಗಪ್‌ಚುಪ್.

ಮೊದಲೇ ಹೇಳಿಬಿಡುತ್ತೇನೆ. ಅಮ್ಮನ ಕೇಸಿಗೆ ಒಟ್ಟು ಬಂದದ್ದು 73,000 ಡಾಲರ್. ಅಮ್ಮನ ಕೈಗೆ ಸೇರಿದ್ದು 27,517. ಹಿಡಿದದ್ದು 14 ತಿಂಗಳು.

ಆದದ್ದು ಇಷ್ಟು. 2023ರ ಅಕ್ಟೋಬರ್, ನವರಾತ್ರಿಯ ಭಾನುವಾರ. ಲಿವರ್‌ಮೋರ್ ಶಿವ ವಿಷ್ಣು ದೇವಸ್ಥಾನಕ್ಕೆ ಹೋಗಿ ಸಂಜೆ ವಾಪಸ್ ಬರುತ್ತಿದ್ದೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಹೆಂಡತಿ, ಹಿಂದೆ ಅಮ್ಮ. ಶಿವಮೊಗ್ಗದಿಂದ ಆರು ತಿಂಗಳಿಗೆ ಅಂತ ಬಂದಿದ್ದರು. 680 ಹೈವೇಯಲ್ಲಿ ಸುನೋಲ್ ದಾಟಿದ ಮೇಲೆ ಟ್ರಾಫಿಕ್ ನಿಂತಿತ್ತು, ನಾವೂ ನಿಂತೆವು, ಹಿಂದಿನ ಹಳೇ ಪಿಕಪ್ ನಿಲ್ಲಲಿಲ್ಲ. ಅವನು ನಮಗೆ ಗುದ್ದಿದ, ನಾವು ಮುಂದಿನ ಕಾರಿಗೆ ಹೋಗಿ ಗುದ್ದಿದೆವು. ಅಮ್ಮ ಮುಂದಿನ ಸೀಟಿಗೆ ಬಲಗೈ ಊರಿದ್ದರು. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿಯಿತು.

ಆಸ್ಪತ್ರೆಯಲ್ಲಿ ಕೈ ಊದಿಕೊಂಡು ಬಳೆ ತೆಗೆಯಲು ಆಗಲಿಲ್ಲ, ಅವರ ಅವ್ವ ಕೊಟ್ಟಿದ್ದ ಚಿನ್ನದ ಬಳೆಯನ್ನು ಕಟ್ಟರ್ ಹಾಕಿ ಕತ್ತರಿಸಿದರು. ಮೂಳೆ ಮುರಿದಾಗ ಅಳದ ಅಮ್ಮ ಆಗ ಅತ್ತರು. ಎರಡು ದಿನ ಬಿಟ್ಟು ಆಪರೇಷನ್, ಒಳಗೆ ಪ್ಲೇಟು, ಸ್ಕ್ರೂ.

ಗುದ್ದಿದವನ ಬಗ್ಗೆ ಒಂದು ಮಾತು. ಮನೆಗಳಿಗೆ ಪೇಂಟ್ ಹೊಡೆಯುವ ಕೆಲಸದವನು. ಓಡಿ ಬಂದು ನೀರಿನ ಬಾಟಲಿ ಕೊಟ್ಟ, ಅಂಬುಲೆನ್ಸ್ ಬರುವ ತನಕ ಅಮ್ಮನ ಪಕ್ಕ ನಿಂತಿದ್ದ, ತಪ್ಪು ನಂದೇ ಅಂತ ಪೊಲೀಸರ ಮುಂದೆ ಒಪ್ಪಿಕೊಂಡ. ಅವನ ಹತ್ತಿರ ಇನ್ಶೂರೆನ್ಸೂ ಇತ್ತು. ಅಬ್ಬಾ, ಸದ್ಯ ಇನ್ಶೂರೆನ್ಸ್ ಇದೆಯಲ್ಲ ಅಂದುಕೊಂಡೆ. ಎಷ್ಟರದು ಅಂತ ಕೇಳಬೇಕು ಅನ್ನುವುದು ಆಗ ಗೊತ್ತಿರಲಿಲ್ಲ.

ಮೂರನೇ ದಿನಕ್ಕೇ ಅವನ ಕಂಪನಿಯಿಂದ ಫೋನ್ ಬಂತು. ಬಹಳ ಮೃದುವಾದ ದನಿ. "ನಿಮ್ಮ ತಾಯಿ ಹೇಗಿದ್ದಾರೆ, ತೊಂದರೆಗೆ 2,500 ಡಾಲರ್ ಈಗಲೇ ಕಳಿಸುತ್ತೇವೆ, ಇಮೇಲಿನಲ್ಲಿ ಒಂದು ಸಹಿ ಹಾಕಿಕೊಡಿ ಸಾಕು." ಅಮ್ಮ ಹಾಕೋಣ ಅಂದರು. "ಪಾಪ, ಅವನೂ ಬೇಕು ಅಂತ ಗುದ್ದಲಿಲ್ಲ ಕಣೋ, ಸುಮ್ನೆ ಯಾಕೆ ಗಲಾಟೆ." ಆ ಸಹಿ ಬಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಪೂರ್ತಿ ಬಿಡುಗಡೆ ಪತ್ರ, ಮುಂದೆ ಏನೇ ಆದರೂ ಕೇಳುವ ಹಾಗಿಲ್ಲ. ಆಪರೇಷನ್ ಬಿಲ್ ಇನ್ನೂ ಬಂದೇ ಇರಲಿಲ್ಲ. ಈ ರಾಜ್ಯದಲ್ಲಿ ಗಾಯದ ಕೇಸ್ ಹಾಕಲು ಸಾಮಾನ್ಯವಾಗಿ ಎರಡು ವರ್ಷ ಸಮಯ ಇದೆ, ಮೂರನೇ ದಿನ ಸಹಿ ಹಾಕುವ ಅವಸರ ಅವರದೇ ಹೊರತು ನಮ್ಮದಲ್ಲ.

ಬಿಲ್ ಬಂತು. ಎಮರ್ಜೆನ್ಸಿ, ಆಪರೇಷನ್, ಅನಸ್ತೇಷಿಯಾ, ಫಿಸಿಯೋ ಎಲ್ಲ ಸೇರಿ 58,400 ಡಾಲರ್. ಅಮ್ಮನಿಗೆ ನಾನು ತೆಗೆಸಿದ್ದ ವಿಸಿಟರ್ ಇನ್ಶೂರೆನ್ಸ್ ಕೊಟ್ಟಿದ್ದು 6,200. ಅದು ಫಿಕ್ಸೆಡ್ ಬೆನಿಫಿಟ್ ಪ್ಲಾನು. ಒಂದೊಂದು ಚಿಕಿತ್ಸೆಗೂ ಇಂತಿಷ್ಟು ಅಂತ ಮೊದಲೇ ನಿಗದಿ, ಬಿಲ್ ಎಷ್ಟೇ ಇರಲಿ. ಕಾಂಪ್ರಹೆನ್ಸಿವ್ ಪ್ಲಾನು ಅದರ ಎರಡರಷ್ಟು ಬೆಲೆ ಅಂತ ಬಿಟ್ಟಿದ್ದೆ. ಇದಕ್ಕೆ ಸ್ಟಾರ್ ಕೊಡುವುದಿದ್ದರೆ ನನಗೇ ಸೊನ್ನೆ ಕೊಟ್ಟುಕೊಳ್ಳಬೇಕು.

ಆಮೇಲೆ ಗೊತ್ತಾಯಿತು, ಪೇಂಟರ್‌ನದು 15/30/5 ಪಾಲಿಸಿ. ಅಂದರೆ ಗಾಯವಾದ ಒಬ್ಬರಿಗೆ ಹೆಚ್ಚೆಂದರೆ 15,000, ಒಂದು ಆಕ್ಸಿಡೆಂಟಿಗೆ ಎಲ್ಲರಿಗೂ ಸೇರಿ 30,000, ವಾಹನ ವಗೈರೆ ಆಸ್ತಿಗೆ 5,000. ಕ್ಯಾಲಿಫೋರ್ನಿಯಾದಲ್ಲಿ ಕಾನೂನಿಗೆ ಸಾಕಾಗುವ ಕನಿಷ್ಠ ಆಗ ಅದೇ. 1967ರಿಂದ ಆ ಅಂಕಿ ಕದಲಿರಲಿಲ್ಲ. ಆ 30,000ದಲ್ಲಿ ಅಮ್ಮ, ನಾನು, ಮುಂದಿನ ಕಾರಿನವನು ಮೂವರ ಪಾಲು. ಆ 5,000ದಲ್ಲಿ ಎರಡು ಕಾರು. ಬಳೆಯನ್ನು ಕೇಳುವವರು ಯಾರು! ಬಳೆಯ ದುಡ್ಡು ಕೊನೆಗೂ ಬರಲಿಲ್ಲ.

ಶಿವಮೊಗ್ಗದ ನನ್ನ ಸೋದರಮಾವನಿಗೆ ಇದು ಅರ್ಥವೇ ಆಗಲಿಲ್ಲ. ಅವರು ವರ್ಷಗಟ್ಟಲೆ ಲಾರಿ ವ್ಯವಹಾರ ಮಾಡಿದವರು, ಅಪಘಾತ ಪರಿಹಾರದ ಟ್ರಿಬ್ಯೂನಲ್ ಮೆಟ್ಟಿಲು ಹತ್ತಿ ಇಳಿದವರು. "ಇನ್ಶೂರೆನ್ಸ್ ಇದೆ ಅಂದ್ಮೇಲೆ ಕಂಪನಿ ಪೂರ್ತಿ ಕಟ್ಟಬೇಕಲ್ವಾ ಮಾರಾಯ? ಅರ್ಧಂಬರ್ಧ ಇನ್ಶೂರೆನ್ಸ್ ಅಂದ್ರೆ ಏನು?" ಅವರ ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮಲ್ಲಿ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಆಸ್ತಿ ನಷ್ಟಕ್ಕೆ ಮಿತಿ ಇದೆ, ಸಾವಿಗೆ, ಗಾಯಕ್ಕೆ ಇಂತಿಷ್ಟೇ ಅಂತ ಇಲ್ಲ. ಟ್ರಿಬ್ಯೂನಲ್ ಎಷ್ಟು ಬರೆಯುತ್ತದೋ ಅಷ್ಟನ್ನು ಕಂಪನಿ ಕಟ್ಟಬೇಕು. ತಡ ಆಗುತ್ತದೆ, ಅಲೆದಾಟ ಇರುತ್ತದೆ, ಆದರೆ ಗುದ್ದಿದವನು ಸಣ್ಣ ಪಾಲಿಸಿ ತಗೊಂಡಿದ್ದ ಅನ್ನುವ ಕಾರಣಕ್ಕೆ ಗಾಯಾಳುವಿನ ಲೆಕ್ಕ ಕುಗ್ಗುವುದಿಲ್ಲ. ಇಲ್ಲಿ ಕುಗ್ಗುತ್ತದೆ. ಇಂಥ ಗಿಡ್ಡ ಪಾಲಿಸಿಯವನಿಗೆ ಇಲ್ಲಿನ ಹೆಸರು ಅಂಡರ್‌ಇನ್ಶೂರ್ಡ್. ಪೂರ್ತಿ ಇಲ್ಲದವನು ಅನ್‌ಇನ್ಶೂರ್ಡ್. ಇಬ್ಬರಿಗೂ ಸೇರಿಸಿ ನಮ್ಮ ಪಾಲಿಸಿಯಲ್ಲೇ ಒಂದು ಸಾಲು ಇರುತ್ತದೆ, ಅವರು ಕೊಡಲಾಗದ್ದನ್ನು ನಮ್ಮ ಕಂಪನಿ ನಮಗೆ ಕೊಡುವುದು. ಆ ಸಾಲು ಬೇಡ ಅಂದರೆ ಬೇಡ ಅಂತ ಬರೆದು ಸಹಿ ಹಾಕಬೇಕು. ಆನ್‌ಲೈನ್‌ನಲ್ಲಿ ಅಗ್ಗದ ಕೋಟ್ ಹುಡುಕುವಾಗ ಎಷ್ಟೋ ಜನ ಓದದೆ ಆ ಸಹಿ ಹಾಕಿರುತ್ತಾರೆ.

ನಾನು ಹಾಕಿರಲಿಲ್ಲ. ಬುದ್ಧಿವಂತಿಕೆ ಏನಲ್ಲ. 2014ರಲ್ಲಿ ಮೊದಲ ಕಾರು ತಗೊಂಡಾಗ ಪಕ್ಕದ ಕ್ಯೂಬಿಕಲ್‌ನ ಹಾಸನದ ಸೀನಿಯರ್ ಒಬ್ಬರು ಬೆನ್ನ ಹಿಂದೆ ನಿಂತು, "ಏಯ್, ಅದನ್ನ ತೆಗೀಬೇಡ" ಅಂತ ಗದರಿಸಿ 100/300 ಹಾಕಿಸಿದ್ದರು. ಅಂದರೆ ಒಬ್ಬರಿಗೆ 1,00,000, ಒಟ್ಟು 3,00,000. ನನಗೆ ಅದು ಆರು ತಿಂಗಳಿಗೆ 74 ಡಾಲರ್ ಬೀಳುತ್ತಿತ್ತು. ಇಷ್ಟು ವರ್ಷ ಆ ಸಾಲು ನೋಡಿದಾಗಲೆಲ್ಲ ದಂಡ ಅನ್ನಿಸುತ್ತಿತ್ತು. ಕಾರಿನಲ್ಲಿ ಕೂತ ಅಮ್ಮನಿಗೂ ಅದು ಅನ್ವಯಿಸುತ್ತದೆ, ಪಾಲಿಸಿಯಲ್ಲಿ ಅವರ ಹೆಸರು ಇಲ್ಲದಿದ್ದರೂ, ವಿಸಿಟರ್ ವೀಸಾದಲ್ಲಿ ಇದ್ದರೂ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಈ ಒಂದು ವಾಕ್ಯ ಎರಡು ಸಲ ಓದಿ.

ಈಗ ತಲೆ ಕೆಡಿಸುವ ಲೆಕ್ಕ. ನನ್ನ 1,00,000 ಮತ್ತು ಅವನ 15,000 ಸೇರಿ 1,15,000 ಅಂತ ನಾನು ಅಂದುಕೊಂಡಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಅವನು ಕೊಟ್ಟಿದ್ದನ್ನು ನನ್ನ ಮಿತಿಯಿಂದ ಕಳೆಯುತ್ತಾರೆ. 85,000 ಉಳಿಯುತ್ತದೆ, ಅಷ್ಟೇ. ನನ್ನದೂ 15/30 ಇದ್ದಿದ್ದರೆ? ಹದಿನೈದರಲ್ಲಿ ಹದಿನೈದು ಹೋದರೆ ಸೊನ್ನೆ. ಆ ಸಾಲಿಗೆ ವರ್ಷಗಟ್ಟಲೆ ದುಡ್ಡು ಕಟ್ಟಿಯೂ ಇಂಥ ಕೇಸಿನಲ್ಲಿ ಒಂದು ಡಾಲರೂ ಬರುವುದಿಲ್ಲ. ಎಲ್ಲ ರಾಜ್ಯದಲ್ಲೂ ಹೀಗಲ್ಲ, ಜಾರ್ಜಿಯಾದಲ್ಲಿ ಅವನದರ ಮೇಲೆ ನಮ್ಮದೂ ಕೂಡಿಕೊಳ್ಳುವ ಪಾಲಿಸಿ ಸಿಗುತ್ತದೆ, ಹಾಗಾಗಿ ಎರಡೂ ಕೂಡುತ್ತದೆ ಅಂದ ಅಲ್ಲಿನ ಅಟ್ಲಾಂಟಾದ ಭಾವನ ಸಲಹೆ ನನಗೆ ಕೆಲಸಕ್ಕೆ ಬರಲಿಲ್ಲ. ಇನ್ನೊಂದು ಷರತ್ತು, ಗುದ್ದಿದವನ ಮಿತಿ ಪೂರ್ತಿ ಖಾಲಿ ಮಾಡಿಸಿ, ಅದರ ಪುರಾವೆ ಕೊಟ್ಟ ಮೇಲೆಯೇ ನಮ್ಮ ಕಂಪನಿಯ ಬಾಗಿಲು ತೆರೆಯುವುದು. ಪಾಪ ಅಂತ ಅವನ ಕಂಪನಿ ಹತ್ತಿರ 12,000ಕ್ಕೆ ಒಪ್ಪಿಕೊಂಡಿದ್ದರೆ ಈ ಬಾಗಿಲೇ ತೆರೆಯುತ್ತಿರಲಿಲ್ಲ.

ಈ ಹಂತದಲ್ಲಿ ವಕೀಲರು ಬೇಕು ಅನ್ನಿಸಿತು. 880 ಹೈವೇಯ ಉದ್ದಕ್ಕೂ ನಗುತ್ತಾ ನಿಂತಿರುವ ಜಾಹೀರಾತು ಬೋರ್ಡಿನ ವಕೀಲರ ಪೈಕಿ ಇಬ್ಬರಿಗೆ ಫೋನ್ ಮಾಡಿದೆ. ಇಬ್ಬರೂ 15/30 ಅಂದ ತಕ್ಷಣ ಆಕಳಿಸಿದರು. ನಾನು ಆರಿಸಿಕೊಂಡ ಆಫೀಸಿನಲ್ಲಿ ವಕೀಲರು ಮೊದಲ ಫೋನಿನಲ್ಲೇ ಕೇಳಿದ್ದು, "ಅವನ ಪಾಲಿಸಿ ಬಿಡಿ, ನಿಮ್ಮ ಡಿಕ್ಲರೇಷನ್ ಪೇಜ್ ಕಳಿಸಿ." ಅಂದರೆ ನಮ್ಮ ಪಾಲಿಸಿಯ ಮಿತಿಗಳನ್ನೆಲ್ಲ ಬರೆದಿರುವ ಹಾಳೆ. ಅಲ್ಲೇ ಒಂದು ಸ್ಟಾರ್ ಕೊಟ್ಟೆ. ಪರವಾನಗಿ ಸರಿಯಾಗಿದೆಯಾ ಅಂತ ಸ್ಟೇಟ್ ಬಾರ್ ವೆಬ್‌ಸೈಟಿನಲ್ಲಿ ಎರಡು ನಿಮಿಷದಲ್ಲಿ ನೋಡಬಹುದು, ನೋಡಿದೆ. ಗೆದ್ದರೆ ಮೂರರಲ್ಲಿ ಒಂದು ಪಾಲು, ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗಿನ ವಿಚಾರಣೆ ತನಕ ಹೋದರೆ 40 ಪರ್ಸೆಂಟ್, ಗೆಲ್ಲದಿದ್ದರೆ ಏನೂ ಇಲ್ಲ. ಈ ತರದ ಒಪ್ಪಂದ ಬರಹದಲ್ಲೇ ಇರಬೇಕು ಅಂತ ಇಲ್ಲಿ ಕಾನೂನು. ಪ್ರತಿ ಕೊಟ್ಟರು. ನಾಲ್ಕು ಪುಟ. ಓದಿದೆ.

ಮೊದಲ ಭಾಗವನ್ನು ಬಹಳ ಅಚ್ಚುಕಟ್ಟಾಗಿ ಮುಗಿಸಿದರು. ಪೇಂಟರ್‌ನ ಕಂಪನಿಗೆ ಗಡುವು ಇಟ್ಟು ಪತ್ರ ಬರೆದರು: ಪೂರ್ತಿ ಮಿತಿ ಕೊಡಿ, ನಾವು ಬಿಡುಗಡೆ ಪತ್ರ ಕೊಡುತ್ತೇವೆ. 2023ರಿಂದ ಇಲ್ಲಿ ಇಂಥ ಪತ್ರಕ್ಕೆ ಕನಿಷ್ಠ 30 ದಿನದ ಗಡುವು ಕೊಡಬೇಕು ಅಂತ ನಿಯಮ ಇದೆ. ಈ ಪತ್ರಕ್ಕೆ ಕಂಪನಿಗಳು ಯಾಕೆ ಹೆದರುತ್ತವೆ ಅಂದರೆ, ಮಿತಿಯೊಳಗೆ ಮುಗಿಸುವ ನ್ಯಾಯವಾದ ಅವಕಾಶ ಸಿಕ್ಕಿಯೂ ಸುಮ್ಮನೆ ಕೈಬಿಟ್ಟರೆ, ಮುಂದೆ ಕೋರ್ಟ್ ಮಿತಿಗಿಂತ ದೊಡ್ಡ ಮೊತ್ತ ಹಾಕಿದಾಗ ಅದು ಕಂಪನಿಯ ತಲೆಗೇ ಬರಬಹುದು. 27ನೇ ದಿನ ಒಪ್ಪಿಗೆ ಬಂತು. 2,500 ಕೊಡುತ್ತೇವೆ ಅಂದವರೇ 15,000 ಕೊಟ್ಟರು. ಪತ್ರ ಎರಡೇ ಪುಟ, ಜೊತೆಗೆ ಎಕ್ಸ್‌ರೇ.

ಸಹಿಗೆ ಮುಂಚೆ ವಕೀಲರು ಮಾಡಿಸಿದ ಇನ್ನೊಂದು ಕೆಲಸ ನನಗೆ ಹೊಳೆಯುತ್ತಲೇ ಇರಲಿಲ್ಲ. ಪೇಂಟರ್‌ನಿಂದ ಪ್ರಮಾಣ ಮಾಡಿದ ಹೇಳಿಕೆ ತೆಗೆಸಿಕೊಂಡರು: ಬೇರೆ ಪಾಲಿಸಿ ಇಲ್ಲ, ಹೇಳಿಕೊಳ್ಳುವ ಆಸ್ತಿ ಇಲ್ಲ, ಆ ಹೊತ್ತಿನಲ್ಲಿ ಕೆಲಸದ ಮೇಲೆ ಹೋಗುತ್ತಿರಲಿಲ್ಲ. ಕೊನೆಯದು ಮುಖ್ಯ. ಕೆಲಸದ ಮೇಲೆ ಇದ್ದಿದ್ದರೆ ಮಾಲೀಕನ ಪಾಲಿಸಿಯೂ ಲೆಕ್ಕಕ್ಕೆ ಬರುತ್ತಿತ್ತು, ಅದು ಸಾಮಾನ್ಯವಾಗಿ ದೊಡ್ಡದು. ಭಾನುವಾರ ಆದ್ದರಿಂದ ಆ ಆಸೆ ಹೋಯಿತು. ನಮ್ಮ ಕಂಪನಿಗೂ ಮೊದಲೇ ತಿಳಿಸಿ, ಆಮೇಲೆ ಸಹಿ ಹಾಕಿಸಿದರು.

ಇಲ್ಲಿಂದ ಎರಡು ಸ್ಟಾರಿನ ಕಥೆ. ನಮ್ಮದೇ ಕಂಪನಿ. ಒಂಬತ್ತು ವರ್ಷದ ಗಿರಾಕಿ ನಾನು, ಒಂದು ಕಂತು ತಪ್ಪಿಸಿದವನಲ್ಲ. ಕಾರು ರಿಪೇರಿ ಮಾತ್ರ ಚಕಚಕ ಮಾಡಿಕೊಟ್ಟರು, ನನ್ನ ಪಾಲಿನ ಡಿಡಕ್ಟಿಬಲ್ 500 ಕಟ್ಟಿದೆ, ಮೂರು ವಾರದಲ್ಲಿ ಗಾಡಿ ಬಂತು. ಮೆಡಿಕಲ್ ಪೇಮೆಂಟ್ಸ್ ಅಂತ ಇನ್ನೊಂದು ಸಾಲಿನಿಂದ ಅಮ್ಮನ ಆಸ್ಪತ್ರೆಗೆ 5,000ವನ್ನು ಪ್ರಶ್ನೆ ಕೇಳದೆ ಕಳಿಸಿದರು. ಆ ಎರಡು ಸ್ಟಾರ್ ಇವಕ್ಕೆ. (ಆ 5,000ವನ್ನು ಕೊನೆಯ ಲೆಕ್ಕದಲ್ಲಿ ಮುರಿದುಕೊಂಡರು ಅನ್ನಿ.)

ಅಂಡರ್‌ಇನ್ಶೂರ್ಡ್ ಕ್ಲೇಮು ಹಾಕಿದ ದಿನದಿಂದ ದನಿಯೇ ಬದಲಾಯಿತು. ಅಲ್ಲಿಯ ತನಕ "ನಿಮ್ಮ ಜೊತೆ ನಾವಿದ್ದೇವೆ" ಅನ್ನುತ್ತಿದ್ದವರು ಈಗ ಎದುರು ಬೆಂಚಿನಲ್ಲಿ ಕೂತರು. ಇದು ಅವರ ಕೆಟ್ಟತನ ಅಂತ ನಾನು ಹೇಳುತ್ತಿಲ್ಲ, ವ್ಯವಸ್ಥೆಯೇ ಹಾಗಿದೆ. ಈ ಸಾಲಿನಲ್ಲಿ ಅವರು ಪೇಂಟರ್‌ನ ಜಾಗದಲ್ಲಿ ನಿಂತು ವಾದ ಮಾಡುತ್ತಾರೆ. ಗಾಯ ಅಷ್ಟೇನಿಲ್ಲ, ಚಿಕಿತ್ಸೆ ಜಾಸ್ತಿ ಆಯಿತು, ನೋವು ಮೊದಲೇ ಇತ್ತು, ಎಲ್ಲ ಅವರೇ ಹೇಳುತ್ತಾರೆ. ಪೇಂಟರ್ ಒಂದು ದಿನವೂ ಹಾಗೆ ಹೇಳಿರಲಿಲ್ಲ.

ಮೊದಲ ಆಫರ್ 18,000. ಕಾರಣ? ಅಮ್ಮನಿಗೆ 66, ಈ ವಯಸ್ಸಿಗೆ ಮೂಳೆ ಸವೆದಿರುತ್ತದೆ, ಗಟ್ಟಿ ಮೂಳೆ ಇದ್ದಿದ್ದರೆ ಮುರಿಯುತ್ತಿರಲಿಲ್ಲ. ನನಗೆ ರಕ್ತ ಕುದಿಯಿತು. ವಕೀಲರು ತಣ್ಣಗೆ ಇದ್ದರು. ಗುದ್ದಿಸಿಕೊಂಡವರು ಹೇಗಿದ್ದರೋ ಹಾಗೇ ಸ್ವೀಕರಿಸಬೇಕು, ಮೂಳೆ ಮೊಟ್ಟೆಚಿಪ್ಪಿನ ಹಾಗಿದ್ದರೂ ಹೊಣೆ ಗುದ್ದಿದವನದೇ, ಅದು ಇಲ್ಲಿನ ಹಳೇ ಕಾನೂನು ಅಂದರು. ಆರ್ಬಿಟ್ರೇಷನ್ ನೋಟಿಸ್ ಕಳಿಸಿದರು. ಈ ಜಗಳ ಜ್ಯೂರಿ ಮುಂದೆ ಹೋಗುವುದಿಲ್ಲ, ಇಬ್ಬರೂ ಒಪ್ಪದಿದ್ದರೆ ಒಬ್ಬ ತಟಸ್ಥ ಆರ್ಬಿಟ್ರೇಟರ್ ಮುಂದೆ ಹೋಗುತ್ತದೆ.

ಅಷ್ಟರಲ್ಲಿ ಅಮ್ಮ ಊರಿಗೆ ಹೋಗಿ ಆರು ತಿಂಗಳಾಗಿತ್ತು. ಕಂಪನಿಯ ವಕೀಲರು ಅಮ್ಮನನ್ನು ಪ್ರಶ್ನೆ ಮಾಡಬೇಕು ಅಂದರು. ಎರಡೂ ಕಡೆಯವರು ಒಪ್ಪಿ ಜೂಮ್‌ನಲ್ಲಿ ಇಟ್ಟರು. 2024ರ ಆಗಸ್ಟ್, ಇಲ್ಲಿ ಬೆಳಗ್ಗೆ 9 ಗಂಟೆ, ಶಿವಮೊಗ್ಗದಲ್ಲಿ ರಾತ್ರಿ ಒಂಬತ್ತೂವರೆ. ಹೊರಗೆ ಮಳೆ ಹೊಯ್ಯುತ್ತಿತ್ತು, ಯುಪಿಎಸ್ ಕೈಕೊಟ್ಟರೆ ಅಂತ ಮಾವ ಎರಡನೇ ಫೋನ್ ಹಿಡಿದು ಪಕ್ಕದಲ್ಲೇ ಕೂತಿದ್ದರು. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದರು. "ಕೋರ್ಟು ಅಲ್ವಾ?"

ಈ ಒಂದು ದಿನಕ್ಕಾಗಿ ನಾನು ವಕೀಲರಿಗೆ ನಾಲ್ಕನೇ ಸ್ಟಾರ್ ಕೊಟ್ಟಿದ್ದು. ವಾರದ ಮುಂಚೆಯೇ ನನಗೆ ಫೋನ್ ಮಾಡಿ, "ನಿಮ್ಮ ತಾಯಿ ನೋವಿಗೆ ಯಾವ ಯಾವ ಪದ ಬಳಸುತ್ತಾರೆ, ಪಟ್ಟಿ ಮಾಡಿ, ಪ್ರತಿಯೊಂದರ ಅರ್ಥ ಬರೆದುಕೊಡಿ" ಅಂದಿದ್ದರು. ಅವರಿಗೆ ಕನ್ನಡ ಬರುವುದಿಲ್ಲ. ನಾನು ಬರೆದುಕೊಟ್ಟೆ: ಜೋಮು, ಸೆಳೆತ, ಚುಳುಕು, ಹಿಡಿದುಕೊಂಡ ಹಾಗೆ, ಶಕ್ತಿ ಸಾಲಲ್ಲ. ಅಮ್ಮ ಇದನ್ನೆಲ್ಲ ಒಟ್ಟಿಗೆ ಸೇರಿಸಿ "ಪರವಾಗಿಲ್ಲ" ಅಂತಲೂ ಅನ್ನುತ್ತಾರೆ, ಅದನ್ನು ನಂಬಬೇಡಿ ಅಂತ ಅಡಿಯಲ್ಲಿ ಗೆರೆ ಎಳೆದು ಬರೆದೆ.

ಕನ್ನಡ ದುಭಾಷಿಯನ್ನು ಹುಡುಕುವುದೇ ಕಷ್ಟವಾಗಿತ್ತು. ಸಿಕ್ಕವರು ಒಳ್ಳೆಯವರು, ಆದರೆ ಅವರ ಕನ್ನಡ ನ್ಯೂಸ್ ಓದಿದ ಹಾಗೆ. "ಅಪಘಾತಕ್ಕೆ ಮುನ್ನ ತಮ್ಮ ದೈನಂದಿನ ಚಟುವಟಿಕೆಗಳೇನು?" ಅಮ್ಮ ನನ್ನ ಮುಖ ಹುಡುಕಿದರು. ನಾನು ಬಾಯಿ ಬಿಡುವ ಹಾಗಿಲ್ಲ. ಮತ್ತೆ ಕೇಳಿದ ಮೇಲೆ ಹೇಳಿದರು, ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ, ಬಟ್ಟೆ ಹಿಂಡುತ್ತಿದ್ದೆ, ರಂಗೋಲಿ ಹಾಕುತ್ತಿದ್ದೆ. ಈಗ? "ಈಗ ಕೈ ಸೆಳೆಯುತ್ತೆ." ದುಭಾಷಿ ಅದನ್ನು ಇಂಗ್ಲಿಷಿನಲ್ಲಿ, ಯಾರೋ ಕೈ ಹಿಡಿದು ಎಳೆಯುತ್ತಾರೆ ಅನ್ನುವ ಅರ್ಥ ಬರುವ ಹಾಗೆ ಹೇಳಿದರು. ಕಂಪನಿಯ ವಕೀಲರು ಹುಬ್ಬೇರಿಸಿದರು. ಯಾರು ಎಳೆಯುವುದು? ನಮ್ಮ ವಕೀಲರು ಪಟ್ಟಿ ನೋಡಿ ಅಲ್ಲೇ ತಡೆದು, ಆ ಪದ ನೋವಿಗೆ ಹೇಳುವುದಾ, ಎಲ್ಲಿಂದ ಎಲ್ಲಿಗೆ ಅಂತ ಅಮ್ಮನನ್ನೇ ಕೇಳಿಸಿದರು. ಅಮ್ಮ ಎಡಗೈ ಬೆರಳಿನಿಂದ ಬಲ ಮಣಿಕಟ್ಟಿನಿಂದ ಮೊಣಕೈ ತನಕ ಗೆರೆ ಎಳೆದು ತೋರಿಸಿದರು. ರೊಟ್ಟಿ ಯಾಕೆ ಆಗಲ್ಲ ಅಂದಾಗ ಕ್ಯಾಮೆರಾ ಮುಂದೆ ಅಂಗೈ ಬಿಡಿಸಿ ತಟ್ಟುವ ಹಾಗೆ ಮಾಡಿದರು, ಮಣಿಕಟ್ಟು ಅರ್ಧಕ್ಕೇ ನಿಂತಿತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಎರಡು ವಾರಕ್ಕೆ ಆಫರ್ 40,000 ಆಯಿತು. ನವೆಂಬರ್‌ನಲ್ಲಿ 58,000ಕ್ಕೆ ನಿಂತಿತು. ವಿಚಾರಣೆ ತನಕ ಹೋಗಿದ್ದರೆ ಇನ್ನೂ ಬರುತ್ತಿತ್ತಾ? ಬರಬಹುದಿತ್ತು. ಆದರೆ ವಕೀಲರ ಪಾಲು 40 ಪರ್ಸೆಂಟ್ ಆಗುತ್ತಿತ್ತು, ಡಾಕ್ಟರನ್ನು ಸಾಕ್ಷಿಗೆ ಕರೆಸುವ ಖರ್ಚು ಸಾವಿರಗಟ್ಟಲೆ. ವಕೀಲರು ಒಂದು ಹಾಳೆಯಲ್ಲಿ ಎರಡೂ ಲೆಕ್ಕ ಬರೆದು ಕಳಿಸಿದರು, ಯಾವುದು ಆರಿಸಬೇಕು ಅಂತ ಒತ್ತಾಯ ಮಾಡಲಿಲ್ಲ. ಅಮ್ಮನೇ ತೀರ್ಮಾನ ಮಾಡಿದರು. "ಸಾಕು ಮುಗಿಸು."

ದುಡ್ಡು ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ಬಂದದ್ದು 15,000 ಮತ್ತು 58,000, ಒಟ್ಟು 73,000. ವಕೀಲರ ಮೂರನೇ ಒಂದು ಪಾಲು 24,333. ದಾಖಲೆ, ಡಾಕ್ಟರ್ ರಿಪೋರ್ಟ್, ದುಭಾಷಿ ಖರ್ಚು 1,150. ಆಸ್ಪತ್ರೆ ಕಡೆಯ ಬಾಕಿ 52,200 ಇದ್ದದ್ದನ್ನು ವಕೀಲರ ಆಫೀಸಿನವರು ಚೌಕಾಸಿ ಮಾಡಿ 21,000ಕ್ಕೆ ಇಳಿಸಿದರು, ಅದರಲ್ಲಿ 5,000 ಮೊದಲೇ ಹೋಗಿತ್ತು, ಉಳಿದ 16,000 ಕಟ್ಟಿದೆವು. ವಿಸಿಟರ್ ಇನ್ಶೂರೆನ್ಸಿನವರೂ ನಮ್ಮ 6,200 ವಾಪಸ್ ಕೊಡಿ ಅಂತ ಕೈ ಚಾಚಿದರು, 4,000ಕ್ಕೆ ಸುಮ್ಮನಾದರು. ಉಳಿದದ್ದು 27,517. ವಕೀಲರ ಪಾಲು ಅಮ್ಮನ ಪಾಲಿಗೆ ಹತ್ತಿರ ಹತ್ತಿರ ಇದೆ, ನೋಡಿದಾಗ ಹೊಟ್ಟೆ ಉರಿಯುತ್ತದೆ. ಆದರೆ ಆ ಆಸ್ಪತ್ರೆ ಬಿಲ್ಲಿನ ಇಳಿತ ಒಂದೇ 31,200, ಅದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ನಾನು ಫೋನ್ ಮಾಡಿದಾಗ ಆಸ್ಪತ್ರೆಯವರು ಕಂತಿನಲ್ಲಿ ಕಟ್ಟಿ ಅಂದಿದ್ದರು, ಅಷ್ಟೇ. ಅಮೆರಿಕದಲ್ಲಿ ಮೈಗಾದ ಗಾಯಕ್ಕೆ ಬರುವ ಪರಿಹಾರಕ್ಕೆ ಫೆಡರಲ್ ತೆರಿಗೆ ಇಲ್ಲ, ಅದೊಂದು ಸಮಾಧಾನ.

ಹೆಸರಿನ ಗೋಳು ಹೇಳಲೇಬೇಕು. ಅಮ್ಮನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಹಾಗಾಗಿ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬಿದ್ದಿದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಆಸ್ಪತ್ರೆಯಲ್ಲಿ ಅದನ್ನೇ ಹೆಸರು ಮಾಡಿಕೊಂಡರು, ನರ್ಸ್ ಅಮ್ಮನನ್ನು "ಫನೂ" ಅಂತ ಕರೆಯುತ್ತಿದ್ದಳು. ಚೆಕ್ಕೂ ಅದೇ ಹೆಸರಿನಲ್ಲಿ ಬರುವುದರಲ್ಲಿತ್ತು, ಶಿವಮೊಗ್ಗದ ಬ್ಯಾಂಕಿನವರು ಯಾರಮ್ಮ ಇದು ಅಂತ ಕೇಳುತ್ತಿದ್ದರು. ಆಫೀಸಿನವರು ಸೆಟ್ಲ್‌ಮೆಂಟ್ ಕಾಗದದಲ್ಲೇ ಎರಡೂ ಹೆಸರು ಒಬ್ಬರದೇ ಅಂತ ಬರೆಸಿ, ಹಣ ಗಿರಾಕಿಗಳ ದುಡ್ಡು ಇಡುವ ತಮ್ಮ ಟ್ರಸ್ಟ್ ಖಾತೆಗೆ ತರಿಸಿ, ಅಲ್ಲಿಂದ ಅಮ್ಮನ ಖಾತೆಗೆ ವೈರ್ ಮಾಡಿದರು. 65 ದಾಟಿದವರು ಅಂದ ಮೇಲೆ ಮೆಡಿಕೇರ್, ಅಂದರೆ ಇಲ್ಲಿನ ವಯಸ್ಸಾದವರಿಗೆ ಸರ್ಕಾರದ ಹೆಲ್ತ್ ಇನ್ಶೂರೆನ್ಸ್, ಇದೆಯಾ ಅಂತಲೂ ಕಂಪನಿ ಕೇಳುತ್ತದೆ, ಊರಿನಿಂದ ಬಂದವರಿಗೆ ಅದು ಎಲ್ಲಿಂದ ಬರಬೇಕು. ಇಲ್ಲ ಅಂತ ಒಂದು ಫಾರ್ಮಿಗೆ ಸಹಿ ಹಾಕಿ ಕಳಿಸಿದರೆ ಆಯಿತು. ಆ ಫಾರ್ಮ್ ಮರೆತು ನಮ್ಮದು ಮೂರು ವಾರ ನಿಂತಿತ್ತು.

ನನ್ನ ಕತ್ತು ನೋವಿನ ಕ್ಲೇಮನ್ನು ನಾನೇ ಮಾಡಿಕೊಂಡೆ, ವಕೀಲರೇ "ಇಷ್ಟಕ್ಕೆ ನಾನು ಬೇಡ" ಅಂದರು. ಫಿಸಿಯೋ ಬಿಲ್ 4,800, ನನ್ನ ಹೆಲ್ತ್ ಇನ್ಶೂರೆನ್ಸ್ ಅದಕ್ಕೆ ಕಟ್ಟಿದ್ದು 1,900. ಕೇಳುವಾಗ 4,800 ಅಂದೆ. ಕ್ಲೇಮು ನೋಡಿಕೊಳ್ಳುವ ಅಡ್ಜಸ್ಟರ್ ನಕ್ಕ. 2011ರ ಒಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಇನ್ಶೂರೆನ್ಸ್ ಕಟ್ಟಿ ತೀರಿಸಿದ ಬಿಲ್ಲಿಗೆ ನಿಜವಾಗಿ ಸಂದಾಯವಾದ ಮೊತ್ತವೇ ಲೆಕ್ಕ. ನೋವಿಗೂ ಸೇರಿಸಿ 6,500 ಸಿಕ್ಕಿತು, ಅದರಲ್ಲಿ ಹೆಲ್ತ್ ಪ್ಲಾನಿನವರು ತಮ್ಮ 1,900 ವಾಪಸ್ ತಗೊಂಡರು. ಮೂರು ತಿಂಗಳಿಗೆ ಕತ್ತು ಸರಿಯಾಯಿತು, ಇದರ ಬಗ್ಗೆ ಇನ್ನು ಹೇಳುವುದೇನಿಲ್ಲ.

2025ರ ಜನವರಿಯಿಂದ ಹೊಸ ಮತ್ತು ನವೀಕರಿಸಿದ ಪಾಲಿಸಿಗಳಿಗೆ ಕನಿಷ್ಠ 30/60/15 ಆಗಿದೆ, 2035ಕ್ಕೆ 50/100/25 ಆಗುತ್ತದೆ. ಒಳ್ಳೆಯದೇ. ಆದರೆ ಮೇಲಿನ ಕಳೆಯುವ ಲೆಕ್ಕ ನೆನಪಿದೆಯಾ? ಪೇಂಟರ್ 30,000 ಕೊಟ್ಟಿದ್ದರೆ ನಮ್ಮ ಕಂಪನಿಯದು 70,000ಕ್ಕೆ ಇಳಿಯುತ್ತಿತ್ತು. ಒಟ್ಟು ಮಿತಿ ಆಗಲೂ ಒಂದು ಲಕ್ಷವೇ. ಅದು ನಮ್ಮ ಪಾಲಿಸಿಯ ಹಾಳೆಯಲ್ಲೇ ಇರುವ ಅಂಕಿ, ಅವನದಲ್ಲ. ನಾನು 250/500 ಮಾಡಿಸಿದೆ, ಆರು ತಿಂಗಳಿಗೆ 41 ಡಾಲರ್ ಜಾಸ್ತಿ ಆಯಿತು. ನಮ್ಮ ಕಂಪನಿಯಲ್ಲಿ ಈ ಮಿತಿ ನಾವು ಗುದ್ದಿದರೆ ಬೇರೆಯವರಿಗೆ ಕೊಡಲು ತಗೊಂಡ ಮಿತಿಗಿಂತ ಮೇಲೆ ಹೋಗುವುದಿಲ್ಲ, ಹಾಗಾಗಿ ಅದನ್ನೂ ಏರಿಸಬೇಕಾಯಿತು. ಕಾರು, ಮನೆ ಪಾಲಿಸಿಯ ಮೇಲೆ ಹೆಚ್ಚುವರಿಯಾಗಿ ತಗೊಳ್ಳುವ ಅಂಬ್ರೆಲಾ ಪಾಲಿಸಿ ಇದೆ ಅಂತ ನಿಶ್ಚಿಂತೆಯಿಂದ ಇರುವ ಗೆಳೆಯರೇ, ಬೇರೆಯಾಗಿ ಸೇರಿಸದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಈ ರಕ್ಷಣೆ ಇರುವುದಿಲ್ಲ. ಫೋನ್ ಮಾಡಿ ಕೇಳಿ. ಕಂಪನಿ ಬದಲಾಯಿಸಲಿಲ್ಲವಾ ಅಂತ ಹೆಂಡತಿ ಕೇಳಿದಳು. ಎಲ್ಲ ಕಂಪನಿಯೂ ಈ ಸಾಲಿನಲ್ಲಿ ಎದುರು ಬೆಂಚಿನಲ್ಲೇ ಕೂರುವುದು, ಬದಲಾಯಿಸಿ ಏನು ಮಾಡಲಿ.

ವಕೀಲರ ಆಫೀಸಿನಿಂದ ಐದು ಸ್ಟಾರ್ ಕೊಡಿ ಅಂತ ಮೂರು ಸಲ ಮೆಸೇಜ್ ಬಂತು. ನಾಲ್ಕೇ ಕೊಟ್ಟೆ. 14 ತಿಂಗಳಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಕೈಕೆಳಗೆ ಕೇಸಿನ ಕಾಗದ ನೋಡಿಕೊಳ್ಳುವವರು, ಮೂರು ಸಲ ಬದಲಾದರು, ಪ್ರತಿ ಹೊಸಬರಿಗೂ ಆಕ್ಸಿಡೆಂಟ್ ಕಥೆಯನ್ನು ಮೊದಲಿಂದ ಹೇಳಿದೆ. ಮೇ ತಿಂಗಳಲ್ಲಿ ಐದು ವಾರ ಒಂದು ಇಮೇಲಿಗೂ ಉತ್ತರ ಇಲ್ಲ. ಮೆಡಿಕೇರ್ ಫಾರ್ಮ್ ಮರೆತದ್ದೂ ಅವರೇ. ಇನ್ನು ಎರಡನೇ ಪ್ಯಾರಾಲೀಗಲ್ ಒಬ್ಬಳು ಕೊನೇ ತನಕ ಅಮ್ಮನನ್ನು ಫನೂ ಅಂತಲೇ ಬರೆದಳು.